ಎಷ್ಟು ನೀರು ಕುಡಿದರೂ ದಾಹ ತೀರುತ್ತಿಲ್ಲ, ಇದು ಬರೀ ಉಷ್ಣಾನಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 38, ಮಾಲೂರು ಕಡೆಯವರು. ಎರಡು ತಿಂಗಳಿಂದ ದಿನಕ್ಕೆ ಐದಾರು ಲೀಟರ್ ನೀರು ಕುಡಿಯುತ್ತಿದ್ದೀರಿ, ರಾತ್ರಿ ಮೂರು ಸಲ ಏಳುತ್ತೀರಿ. ಮನೆಯಲ್ಲಿ ಉಷ್ಣ ಅನ್ನುತ್ತಾರೆ, ಪಕ್ಕದ ಮನೆಯವರು ಬೋರ್‌ವೆಲ್ ನೀರಿನ ದೋಷ ಅನ್ನುತ್ತಾರೆ. ಡಾಕ್ಟರ್ ಹತ್ತಿರ ಹೋಗಬೇಕಾ, ಅಲ್ಲಿಯವರೆಗೆ ನೀರು ಕಡಿಮೆ ಮಾಡಬೇಕಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಕೋಲಾರದಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ರಿಪೋರ್ಟ್ ಕೊಡುವುದು ನನ್ನ ಕೆಲಸ. ಆದರೂ ನಿಮ್ಮ ಎರಡು ಪ್ರಶ್ನೆಗೂ ನೇರವಾಗಿ ಹೇಳಬಲ್ಲೆ. ಡಾಕ್ಟರ್ ಹತ್ತಿರ ಹೋಗಿ, ನಾಳೆ ನಾಡಿದ್ದರಲ್ಲೇ ಹೋಗಿ. ನೀರು ಮಾತ್ರ ಕಡಿಮೆ ಮಾಡಬೇಡಿ.

ದಾಹ ಅಂತ ಬರುವವರೆಲ್ಲ ಎಷ್ಟು ಕುಡಿದೆ ಅನ್ನುವುದನ್ನೇ ಹೇಳುತ್ತಾರೆ. ಎಷ್ಟು ಹೊರಗೆ ಹೋಯಿತು ಅಂತ ಯಾರೂ ಹೇಳುವುದಿಲ್ಲ. ಸುಳಿವು ಇರುವುದೇ ಅಲ್ಲಿ. ದಾಹ ಇದೆ, ಮೂತ್ರ ಕಡಿಮೆ, ಬಣ್ಣ ಗಾಢ ಹಳದಿ ಅಂದರೆ ಮೈಯಲ್ಲಿ ನೀರು ಸಾಲುತ್ತಿಲ್ಲ ಅಂತ. ಬಿಸಿಲಲ್ಲಿ ತೋಟದ ಕೆಲಸ, ಜ್ವರ, ಭೇದಿ, ಇಲ್ಲ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಕಡೆ ಕುದಿಯುವ ನೀರಿನ ಮುಂದೆ ಇಡೀ ದಿನ ನಿಲ್ಲುವವರು, ಇವರದೆಲ್ಲ ಈ ಲೆಕ್ಕ. ಕುಡಿದರೆ ಸರಿಹೋಗುತ್ತದೆ. ದಾಹವೂ ಇದೆ, ಮೂತ್ರವೂ ಜಾಸ್ತಿ, ನೀರಿನ ಹಾಗೆ ತಿಳಿಯಾಗಿದೆ ಅಂದರೆ ಕಥೆಯೇ ಬೇರೆ. ಅಲ್ಲಿ ನೀವು ಜಾಸ್ತಿ ಕುಡಿದಿದ್ದಕ್ಕೆ ಜಾಸ್ತಿ ಹೋಗುತ್ತಿಲ್ಲ. ಸಾಮಾನ್ಯವಾಗಿ ಜಾಸ್ತಿ ಹೋಗುತ್ತಿರುವುದಕ್ಕೇ ಜಾಸ್ತಿ ಕುಡಿಯುತ್ತಿದ್ದೀರಿ. ರಾತ್ರಿ ಮೂರು ಸಲ ಏಳುವವರು ಈ ಎರಡನೇ ಗುಂಪಿಗೆ ಸೇರುವ ಸಾಧ್ಯತೆ ಹೆಚ್ಚು.

ಇದರಲ್ಲಿ ಮೊದಲು ನೋಡಬೇಕಾದದ್ದು ಶುಗರ್. ರಕ್ತದ ಸಕ್ಕರೆ ಸುಮಾರು 180 ದಾಟಿತು ಅಂದರೆ ಕಿಡ್ನಿ ಅದನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ಹೋಗುವಾಗ ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೈ ಒಣಗುತ್ತದೆ, ಬಾಯಿ ಆರುತ್ತದೆ. ಹಳ್ಳಿಯಲ್ಲಿ ಹಿರಿಯರು ಒಂದಕ್ಕೆ ಹೋದ ಜಾಗಕ್ಕೆ ಇರುವೆ ಮುತ್ತುತ್ತದೆ ಅಂತ ಹೇಳುತ್ತಾರಲ್ಲ, ಅದು ಸುಮ್ನೆ ಮಾತಲ್ಲ. ಆದರೆ ಇರುವೆ ಬರುವವರೆಗೂ ಕಾಯುತ್ತಾ ಕೂರಬೇಡಿ.

ನಮ್ಮ ಕಡೆ ಎಡವಟ್ಟಾಗುವುದು ಉಷ್ಣ ಅನ್ನುವ ಮಾತಿನಿಂದಲೇ. ಟೊಮೆಟೊ ಮಂಡಿಯಲ್ಲಿ ಕ್ರೇಟ್ ಹೊರುವ ಒಬ್ಬರು ಒಂದು ಬೇಸಿಗೆಯಲ್ಲಿ ಬಂದಿದ್ದರು. ವಾರಗಟ್ಟಲೆ ದಾಹ. ಉಷ್ಣ ಇಳಿಯಲಿ ಅಂತ ಬೆಳಿಗ್ಗೆ ಎಳನೀರು, ಮಧ್ಯಾಹ್ನ ಕಬ್ಬಿನ ಹಾಲು, ಸಂಜೆ ಬಣ್ಣದ ಸೋಡಾ. ಪ್ಯಾಂಟ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಹಗ್ಗ ಕಟ್ಟಿಕೊಂಡಿದ್ದರು. ಬೆರಳು ಚುಚ್ಚಿ ಮೀಟರಿಗೆ ಹಾಕಿದರೆ ಅಂಕಿಯೇ ಬರಲಿಲ್ಲ, ಹೈ ಅಂತ ಬಂತು. ತುಂಬಾ ಮೀಟರುಗಳಲ್ಲಿ 600 ದಾಟಿದರೆ ಹಾಗೆ ತೋರಿಸುತ್ತದೆ. ಅವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದೆವು. ತಂಪು ಅಂತ ಕುಡಿದದ್ದೆಲ್ಲ ಸಕ್ಕರೆಯೇ. ಉಷ್ಣಕ್ಕೆ ಅಂತ ಏನಾದರೂ ಕುಡಿಯಲೇಬೇಕು ಅನ್ನಿಸಿದರೆ ನೀರು ಮಜ್ಜಿಗೆ ಕುಡಿಯಿರಿ. ಮೆಂತ್ಯವೂ ಬೇಡ ಅನ್ನಲ್ಲ, ಆದರೆ ಟೆಸ್ಟ್ ಮಾಡಿಸಿದ ಮೇಲೆ.

ಅಂಕಿಗಳು ಹೀಗೆ. ರಾತ್ರಿ ಊಟದ ನಂತರ ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಶುಗರ್. 100ರಿಂದ 125 ಇದ್ದರೆ ಬಾಗಿಲಲ್ಲಿ ನಿಂತಿದ್ದೀರಿ ಅಂತ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಮುಟ್ಟಿದರೂ ಶುಗರ್ ಅಂತಲೇ. ನಿಮ್ಮ ಹಾಗೆ ದಾಹ, ಪದೇ ಪದೇ ಮೂತ್ರ ಇರುವವರಲ್ಲಿ ಯಾವ ಹೊತ್ತಿನಲ್ಲಿ ನೋಡಿದರೂ 200 ಇದ್ದರೆ ಅಷ್ಟೇ ಸಾಕು. ರಕ್ತ ಕಡಿಮೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುವುದುಂಟು. ನಮ್ಮ ಕಡೆ ಹೆಂಗಸರಲ್ಲಿ ರಕ್ತಹೀನತೆ ಜಾಸ್ತಿ, ಅದಕ್ಕೇ ಅದೊಂದನ್ನೇ ನಂಬಬೇಡಿ. ಖಾಲಿ ಹೊಟ್ಟೆಯದನ್ನೂ ಮಾಡಿಸಿ.

ಶುಗರ್ ಇಲ್ಲ ಅಂತ ಬಂದರೆ ಜನ ಖುಷಿಯಾಗಿ ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡು ಹೋಗಿಬಿಡುತ್ತಾರೆ. ದಾಹ ಹಾಗೇ ಇದ್ದರೆ ಅಲ್ಲಿಗೆ ನಿಲ್ಲಿಸಬೇಡಿ. ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯೇಟಿನಿನ್ ನೋಡಬೇಕು. ಕಿಡ್ನಿ ಸೊರಗಿದರೂ ರಾತ್ರಿ ಏಳುವುದು ಜಾಸ್ತಿಯಾಗುತ್ತದೆ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡಬೇಕು. ಕ್ಯಾಲ್ಸಿಯಂ ಯಾಕೆ ಅಂದರೆ, ಅದು ಏರಿದರೂ ಕಿಡ್ನಿಗೆ ನೀರು ಹಿಡಿದಿಡಲು ಆಗುವುದಿಲ್ಲ. ವಾರಕ್ಕೊಂದು ತೆಗೆದುಕೊಳ್ಳಬೇಕಾದ 60,000 ಯೂನಿಟ್ಟಿನ ವಿಟಮಿನ್ ಡಿ ಮಾತ್ರೆಯನ್ನು ದಿನಾ ನುಂಗುವವರಿದ್ದಾರೆ. ಮಂಡಿ ನೋವಿಗೆ ಒಳ್ಳೆಯದು ಅಂತ ಯಾರೋ ಹೇಳಿರುತ್ತಾರೆ, ಚೀಟಿಯಲ್ಲಿ ಬರೆದದ್ದನ್ನು ಯಾರೂ ಓದಿರುವುದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದರೆ ಕ್ಯಾಲ್ಸಿಯಂ ಏರಬಹುದು.

ಬೇರೆ ಮಾತ್ರೆಗಳನ್ನೂ ನೋಡಿಕೊಳ್ಳಿ. ಬಿಪಿಗೋ, ಕಾಲು ಊತಕ್ಕೋ ಕೊಡುವ ನೀರಿನ ಮಾತ್ರೆ ಮೂತ್ರ ಜಾಸ್ತಿ ಮಾಡುತ್ತದೆ, ಅದರ ಕೆಲಸವೇ ಅದು. ಶುಗರ್‌ಗೆ ಕೊಡುವ ಡಪಾಗ್ಲಿಫ್ಲೋಜಿನ್ ಕೂಡ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂನಿಂದಲೂ ಹೀಗಾಗುತ್ತದೆ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ನೆಗಡಿಯ ಸೆಟಿರಿಜಿನ್, ನಿದ್ದೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಬರೀ ಬಾಯಿ ಒಣಗಿಸುತ್ತವೆ. ಅದು ದಾಹ ಅಲ್ಲ, ದಾಹದ ಹಾಗೆ ಅನ್ನಿಸುತ್ತದೆ ಅಷ್ಟೇ. ಬಾಯಿ ಒಣಗಿದ್ದರೆ ಒಂದು ಗುಟುಕಿಗೆ ಸಮಾಧಾನ ಆಗುತ್ತದೆ, ಆದರೆ ಒಣ ಬಿಸ್ಕತ್ತು ಗಂಟಲಲ್ಲಿ ಇಳಿಯಲ್ಲ. (ಮುದ್ದೆ ಹೇಗೂ ಸಾರಲ್ಲಿ ಜಾರಿ ಹೋಗುತ್ತೆ, ಅದರಲ್ಲಿ ಗೊತ್ತಾಗಲ್ಲ.)

ಅಪರೂಪದ್ದು ಇನ್ನೊಂದಿದೆ. ಮೂತ್ರವನ್ನು ಗಟ್ಟಿ ಮಾಡು ಅಂತ ಕಿಡ್ನಿಗೆ ಹೇಳುವ ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ ಬರುತ್ತದೆ. ಅದು ಕಡಿಮೆಯಾದರೆ, ಇಲ್ಲ ಕಿಡ್ನಿ ಅದರ ಮಾತು ಕೇಳದಿದ್ದರೆ, ಲೀಟರುಗಟ್ಟಲೆ ನೀರು ಹೋಗುತ್ತಲೇ ಇರುತ್ತದೆ. ಡಯಾಬಿಟಿಸ್ ಇನ್ಸಿಪಿಡಸ್ ಅಂತ ಹೆಸರು. ಶುಗರ್‌ಗೂ ಇದಕ್ಕೂ ಸಂಬಂಧ ಇಲ್ಲ, ಆ ಗೊಂದಲಕ್ಕೇ 2022ರಲ್ಲಿ ಹೆಸರು ಬದಲಾಯಿಸಿದರು. ತಲೆಗೆ ಪೆಟ್ಟಾದವರಲ್ಲಿ, ಮೆದುಳಿನ ಆಪರೇಷನ್ ಆದವರಲ್ಲಿ ಇದು ಬರಬಹುದು. ಇಂಥವರಲ್ಲಿ ತುಂಬಾ ಜನ ಫ್ರಿಜ್ಜಿನ ತಣ್ಣನೆ ನೀರನ್ನೇ ಹುಡುಕಿಕೊಂಡು ಹೋಗುತ್ತಾರೆ. ಅವರ ನೀರು ಕಡಿಮೆ ಮಾಡಿದರೆ ಸೋಡಿಯಂ ಏರಿ ಪ್ರಾಣಕ್ಕೇ ಬರುತ್ತದೆ. ನಿಮಗೆ ನೀರು ಕಡಿಮೆ ಮಾಡಬೇಡಿ ಅಂದದ್ದು ಇದಕ್ಕೂ ಸೇರಿಸಿಯೇ.

ಬೋರ್‌ವೆಲ್ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಇರುವುದು ಸುಳ್ಳಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಕಾಯಿಸಿದರೂ ಅದು ಹೋಗಲ್ಲ. ಆದರೆ ಅದು ಮುಖ್ಯವಾಗಿ ಕಾಣುವುದು ಮಕ್ಕಳ ಹಲ್ಲಿನ ಕಂದು ಕಲೆಯಲ್ಲಿ, ದೊಡ್ಡವರ ಬೆನ್ನು ಕೀಲುಗಳಲ್ಲಿ. ಎರಡು ತಿಂಗಳಿಂದ ದಿಢೀರನೆ ಶುರುವಾದ ದಾಹಕ್ಕೆ ಹತ್ತಿಪ್ಪತ್ತು ವರ್ಷದಿಂದ ಕುಡಿಯುತ್ತಿರುವ ನೀರನ್ನು ದೂರುವುದು ನನಗೆ ಸರಿ ಕಾಣಲ್ಲ. ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಘಟಕದ ನೀರಿಗೆ ಬದಲಾಯಿಸಿ, ತಪ್ಪಿಲ್ಲ. ಅದರಿಂದ ದಾಹ ಹೋಗುತ್ತದೆ ಅಂತ ಮಾತ್ರ ಕಾಯಬೇಡಿ.

ಕೆಲವು ಲಕ್ಷಣ ಇದ್ದರೆ ನಾಳೆಯವರೆಗೂ ಕಾಯುವ ಹಾಗಿಲ್ಲ. ದಾಹದ ಜೊತೆ ವಾಂತಿ, ಹೊಟ್ಟೆನೋವು, ಜೋರಾಗಿ ಆಳವಾಗಿ ಉಸಿರಾಡುವುದು, ಉಸಿರಲ್ಲಿ ಕಳಿತ ಹಣ್ಣಿನ ವಾಸನೆ, ಮಂಪರು, ಮಾತು ತಡವರಿಸುವುದು, ಇಲ್ಲ ಮೂತ್ರವೇ ನಿಂತುಹೋಗುವುದು. ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಇಲ್ಲ ಯಾವ ಗಾಡಿ ಸಿಕ್ಕರೂ ಹತ್ತಿ. ಮಕ್ಕಳಲ್ಲಿ ಇನ್ನೂ ಬೇಗ ಕೆಡುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ತೆಳ್ಳಗಾಗುತ್ತಾ ನೀರಿನ ಬಾಟಲಿ ಬಿಡದಿದ್ದರೆ ಬೈಯಬೇಡಿ. ಅವತ್ತೇ ಶುಗರ್ ನೋಡಿಸಿ. ವಯಸ್ಸಾದವರಿಗೆ ದಾಹ ಗೊತ್ತಾಗುವುದೇ ಕಡಿಮೆ. ಅಂಥವರು ನೀರು ನೀರು ಅಂತ ಕೇಳುತ್ತಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಬಸುರಿಯರಲ್ಲಿ ಪದೇ ಪದೇ ಒಂದಕ್ಕೆ ಹೋಗುವುದು ಮಾಮೂಲು, ಆದರೂ ದಾಹ ವಿಪರೀತ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಟೆಸ್ಟ್ ಮಾಡಿಸುತ್ತಾರೆ.

ಎಲ್ಲಿಗೆ ಹೋಗುವುದು? ಬೆರಳು ಚುಚ್ಚಿ ನೋಡುವ ಟೆಸ್ಟ್ ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. 30 ದಾಟಿದವರಿಗೆ ಸರ್ಕಾರವೇ ಬಿಪಿ, ಶುಗರ್ ತಪಾಸಣೆ ಮಾಡುತ್ತದೆ, ದುಡ್ಡಿಲ್ಲ. ಮುಂದಿನದಕ್ಕೆ ಮಾಲೂರು ತಾಲ್ಲೂಕು ಆಸ್ಪತ್ರೆ, ಇಲ್ಲ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ.

ಹೋಗುವ ಮುಂಚೆ ಒಂದು ದಿನ ಮೂತ್ರ ಅಳೆದುಕೊಂಡರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತದೆ. ಬೆಳಿಗ್ಗೆ ಎದ್ದ ತಕ್ಷಣದ್ದನ್ನು ಬಿಟ್ಟುಬಿಡಿ. ಆಮೇಲಿಂದ ಪ್ರತಿ ಸಲದ್ದನ್ನೂ ಹಳೇ ಲೀಟರ್ ಬಾಟಲಿಯಲ್ಲಿ ಹಿಡಿದು, ಬರೆದುಕೊಂಡು ಚೆಲ್ಲಿ. ಮಾರನೇ ಬೆಳಿಗ್ಗೆಯ ಮೊದಲನೆಯದನ್ನು ಸೇರಿಸಿ ನಿಲ್ಲಿಸಿ. ಒಂದೂವರೆ ಎರಡು ಲೀಟರ್ ಬಂದರೆ ಸಾಮಾನ್ಯ, 3 ಲೀಟರ್ ದಾಟಿದರೆ ಜಾಸ್ತಿ. ಅಳೆಯಲು ಆಗದಿದ್ದರೂ ಪರವಾಗಿಲ್ಲ, ಅದಕ್ಕಾಗಿ ಟೆಸ್ಟ್ ಮುಂದೂಡಬೇಡಿ. ನುಂಗುವ ಮಾತ್ರೆಗಳ ಖಾಲಿ ಹಾಳೆಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಖಾಲಿ ಹೊಟ್ಟೆ ಟೆಸ್ಟ್‌ಗೆ ಬರುವವರು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ, ನೀವೂ ಕೇಳುತ್ತೀರಿ ಅಂತ ಈಗಲೇ ಹೇಳಿಬಿಡುತ್ತೇನೆ. ಬರೀ ನೀರು ಎಷ್ಟು ಬೇಕಾದರೂ ಕುಡಿದು ಬನ್ನಿ. ಟೀ ಬೇಡ, ಸಕ್ಕರೆ ಹಾಕದ ಟೀ ಕೂಡ ಬೇಡ.