ಡ್ರಾ ಆಗಿದ್ದಕ್ಕೆ ಕ್ಷಮೆ ಯಾಕೆ?

ಪ್ರಿಯ ಗೆಳೆಯರೇ,

ಚೆಸ್ ಟೂರ್ನಿಯಲ್ಲಿ ನೀವು ಕಪ್ಪು ಕಾಯಿಗಳಲ್ಲಿ ಬರ್ಲಿನ್ ರಕ್ಷಣೆ ಎಂಬ ಆರಂಭದ ಕ್ರಮ ಆಡಿ ಡ್ರಾ ಮಾಡಿಕೊಂಡ ಪಂದ್ಯದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲ ಸಾಲಿನಲ್ಲೇ "ಗೆಲ್ಲಲಾಗಲಿಲ್ಲ, ಕ್ಷಮಿಸಿ" ಎಂದಿದ್ದೀರಿ. ಅದನ್ನು ತೆಗೆದುಬಿಡಿ. 2000ರಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟಕ್ಕೆ ಆಡುವಾಗ ರಷ್ಯಾದ ಕ್ರಾಮ್ನಿಕ್ ಇದೇ ಬರ್ಲಿನ್ ಹಿಡಿದು ಆಗಿನ ಚಾಂಪಿಯನ್ ಕಾಸ್ಪರೋವ್ ಎದುರು ನಾಲ್ಕು ಸಲ ಡ್ರಾ ಮಾಡಿಕೊಂಡರು. 15 ಪಂದ್ಯಗಳಲ್ಲಿ ಕಾಸ್ಪರೋವ್ ಒಂದನ್ನೂ ಗೆಲ್ಲಲಿಲ್ಲ, ಪಟ್ಟ ಹೋಯಿತು.

ನನ್ನ ದೊಡ್ಡ ತಕರಾರು ಬೇರೆ. "ಎಂಟನೇ ನಡೆಗೆ ರಾಣಿಗಳು ಹೋದವು" ಎಂದು ಬರೆದು ಮುಂದೆ ಓಡಿದ್ದೀರಿ. ಇಡೀ ಕಥೆ ಇರುವುದೇ ಅಲ್ಲಿ, ಅಲ್ವಾ? ಬಿಳಿ ರಾಣಿಯನ್ನು ಹೊಡೆಯಲು ನಿಮ್ಮ ರಾಜನೇ ಬರಬೇಕಾಯಿತು. ರಾಜನನ್ನು ಮೂಲೆಯತ್ತ ಭದ್ರವಾಗಿ ಸೇರಿಸುವ ಕ್ಯಾಸ್ಲಿಂಗ್ ಇನ್ನು ಇಲ್ಲ. ಸಿ ಸಾಲಿನಲ್ಲಿ ಎರಡು ಪದಾತಿಗಳು ಒಂದರ ಹಿಂದೊಂದು ಸಿಕ್ಕಿಕೊಂಡಿವೆ. ಇನ್ನೊಂದು ಕಡೆ, ಇ ಯಿಂದ ಎಚ್ ಸಾಲಿನವರೆಗೆ, ಬಿಳಿಗೆ ನಾಲ್ಕು ಪದಾತಿ, ನಿಮಗೆ ಮೂರು. ಬರೀ ರಾಜರು, ಪದಾತಿಗಳು ಉಳಿಯುವ ತನಕ ಕಾಯಿ ಹೊಡೆದಾಡಿದರೆ ಸಾಮಾನ್ಯವಾಗಿ ಬಿಳಿಯೇ ಗೆಲ್ಲುತ್ತದೆ. ಇಷ್ಟು ಕಷ್ಟ ಗೊತ್ತಿದ್ದೂ ಕಪ್ಪು ಯಾಕೆ ಒಪ್ಪುತ್ತದೆ? ಎರಡು ಒಂಟೆಗಳು (ಬಿಷಪ್) ಕೈಯಲ್ಲಿವೆ, ನುಗ್ಗಲು ಬಿಳಿಗೆ ಸುಲಭದ ದಾರಿ ಇಲ್ಲ. ಬಯಲಲ್ಲಿ ನಿಂತ ರಾಜನಿಗೆ ಚೆಕ್‌ಮೇಟ್ ಮಾಡಲು ಎದುರಿಗೆ ರಾಣಿಯೂ ಇಲ್ಲ. ಇದನ್ನು ನೀವು ಹೇಳದಿದ್ದರೆ ಓದುಗರಿಗೆ ಉಳಿದ 33 ನಡೆಗಳು ಸುಮ್ನೆ ಅಕ್ಷರ, ಅಂಕಿ ಅಷ್ಟೇ. ಪ್ರತಿ ನಡೆಯ ಪಕ್ಕ ಕಂಪ್ಯೂಟರ್ ಕೊಟ್ಟ 0.00, ಅಂದರೆ ಎರಡೂ ಕಡೆ ಸಮ, ಎಂದು ಹಾಕಿದ್ದೀರಿ. ನಿಮ್ಮ ಎದೆ ಹೊಡೆದುಕೊಂಡಿದ್ದು ಅದಕ್ಕೆ ಗೊತ್ತಿಲ್ಲ.

ಒಂದು ಸಣ್ಣ ತಪ್ಪು. ಎದುರಾಳಿ ಯೋಚಿಸುತ್ತಿದ್ದಾಗ ಡ್ರಾ ಕೇಳಿದೆ ಎಂದಿದ್ದೀರಿ. ನಿಯಮದ ಪ್ರಕಾರ ನಿಮ್ಮ ನಡೆ ಆಡಿ, ಡ್ರಾ ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ನಿಜಕ್ಕೂ ಎದುರಾಳಿ ಯೋಚಿಸುವಾಗಲೇ ಕೇಳಿದ್ದರೆ ಅದನ್ನೂ ಒಪ್ಪಿಕೊಂಡು ಬರೆಯಿರಿ.

ನನಗೆ ತುಂಬಾ ಇಷ್ಟವಾದ ಸಾಲು ಕೊನೆಯ ಪುಟದಲ್ಲಿದೆ: "ಒಂದು ಪದಾತಿ ಕಮ್ಮಿ ಇತ್ತು, ಆದರೆ ಒಂಟೆಗಳು ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಉಳಿದವು, ಆಗ ಉಸಿರು ಬಿಟ್ಟೆ." ಎಂಥ ಸಾಲು! ಎದುರಾಳಿಯ ಒಂಟೆ ನಿಮ್ಮ ಒಂಟೆ ಕಾಯುವ ಮನೆಗಳನ್ನು ಮುಟ್ಟಲಾರದು, ಹಾಗಾಗಿ ಒಂದು ಪದಾತಿ ಹೆಚ್ಚಿದ್ದರೂ ಗೆಲ್ಲುವುದು ಕಷ್ಟ. ಆ ಹೊತ್ತಿಗೆ ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿತ್ತು? ಅದಕ್ಕೂ ಮೊದಲು ಯಾವ ನಡೆಗೆ ಹೆದರಿದ್ದಿರಿ? ಲೇಖನವನ್ನು ಅಲ್ಲಿಂದ ಶುರುಮಾಡಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ