ದೀಪ ಹಚ್ಚಿದವರ ಪಾಲು

ಪತ್ರ: ಸಂಪಾದಕರೇ, ದೇಶಗಳು ಕರೆಂಟ್ ಮಾರಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಯಾರ ನೆಲದಲ್ಲಿ ಹೊಗೆ ಏಳುತ್ತದೋ ಅವರೇ ಇಂಗಾಲ ಇಳಿಸಬೇಕು. ಹಂಚಿಕೊಳ್ಳುವ ಮಾತೇಕೆ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಹೇಳುವ ಲೆಕ್ಕ ಸಲೀಸು, ಒಪ್ಪಿದೆ. ಹೊಗೆಗೊಳವೆ ಎಲ್ಲಿದೆ ಅಂತ ಎಲ್ಲರಿಗೂ ಕಾಣುತ್ತದೆ. ಜಗತ್ತಿನ ಲೆಕ್ಕವೂ ಹಾಗೇ ನಡೆದಿದೆ. ಆದರೆ ಅದು ನ್ಯಾಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಡೆನ್ಮಾರ್ಕಿನ ಪಾಡು ನೋಡಿ. 1970ರ ದಶಕದಿಂದಲೇ ಸಮುದ್ರದಡಿಯ ಕೇಬಲ್ ಅದನ್ನು ನಾರ್ವೆಗೆ ಜೋಡಿಸಿದೆ. ನಾರ್ವೆಯದು ಹೆಚ್ಚುಕಡಿಮೆ ಎಲ್ಲವೂ ಜಲವಿದ್ಯುತ್. ಡೆನ್ಮಾರ್ಕಿನದು ಆಗ ಬಹುಪಾಲು ಕಲ್ಲಿದ್ದಲು. 1990ರಲ್ಲಿ ನಾರ್ವೆ, ಸ್ವೀಡನ್ ಕಡೆ ಒಳ್ಳೆ ಮಳೆ. ಡೆನ್ಮಾರ್ಕ್ ಅಲ್ಲಿಂದ ಕರೆಂಟ್ ತರಿಸಿಕೊಂಡಿತು, ತನ್ನ ಕಲ್ಲಿದ್ದಲು ಉಳಿಸಿತು. 1996ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಈಗ ಡೆನ್ಮಾರ್ಕ್ ಕಲ್ಲಿದ್ದಲು ಸುಟ್ಟು ನೆರೆಮನೆ ಬೆಳಗಿಸಿತು. ಹೊಗೆಯೆಲ್ಲ ಅದರ ಖಾತೆಗೇ ಬಿತ್ತು! ಮುಂದುವರಿದ ದೇಶಗಳು ಹೊಗೆ ಇಳಿಸಬೇಕೆಂಬ ಕ್ಯೋಟೋ ಒಪ್ಪಂದದ ಹೊರೆಯನ್ನು 1998ರಲ್ಲಿ ಯುರೋಪಿನ ದೇಶಗಳು ಹಂಚಿಕೊಂಡಾಗ ಡೆನ್ಮಾರ್ಕಿಗೆ ಬಂದದ್ದು ಶೇ 21ರಷ್ಟು ಕಡಿತ. ಅದೂ 1990ರ ಮಟ್ಟದಿಂದ. ನೆರೆಯವರ ಮಳೆಯಿಂದ ಆಗಲೇ ಇಳಿದಿದ್ದ ಮಟ್ಟ ಅದು. 1990ರ ಲೆಕ್ಕ ಸರಿಪಡಿಸಿ ಅಂತ ಅವರು ವರ್ಷಗಟ್ಟಲೆ ಕೇಳಿದರು.

ನಮ್ಮಲ್ಲೂ ಇದೆ. ಜಾರ್ಖಂಡಿನ ಗೊಡ್ಡಾದಲ್ಲಿ 1,600 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಿದ್ದೇ ಬಾಂಗ್ಲಾದೇಶಕ್ಕೆ ಮಾರಲು. 2023ರಿಂದ ಕರೆಂಟ್ ಗಡಿ ದಾಟುತ್ತಿದೆ. ಹೊಗೆ ಮಾತ್ರ ಭಾರತದ ಲೆಕ್ಕದಲ್ಲೇ ಉಳಿಯುತ್ತದೆ. ಕೊಂಡವರ ಹೆಸರಿಗೂ ಅದರಲ್ಲಿ ದೊಡ್ಡ ಪಾಲು ಬರೆಯಬೇಡವೇ? ತಂತಿ ಒಂದೇ ಆದಮೇಲೆ ಹೊರೆಯನ್ನು ಒಬ್ಬರ ತಲೆಗೇ ಕಟ್ಟುವುದು ಹೇಗೆ?

ಸಾಗರದವರಾದ ನೀವೇ ಹೀಗೆ ಬರೆದಿರಲ್ಲ ಅಂತ ನನಗೆ ಬೇಜಾರು. ವರ್ಷಗಳ ಹಿಂದೆ ಲಾಂಚ್‌ನಲ್ಲಿ ಶರಾವತಿ ಹಿನ್ನೀರು ದಾಟಿ, ತುಮರಿ ಕಡೆಯ ಒಂದು ಮನೆಯಲ್ಲಿ ರಾತ್ರಿ ಉಳಿದಿದ್ದೆ. ಬುಡ್ಡಿದೀಪದ ಬೆಳಕಲ್ಲಿ ಊಟ. ಬಡಿಸುತ್ತಿದ್ದ ಅಜ್ಜಿ, "ನೀನು ದಾಟಿ ಬಂದ ನೀರಿನಡಿ ನಮ್ಮ ಗದ್ದೆ ಇದೆ ತಮ್ಮಾ" ಅಂದರು. ಗದ್ದೆ ಮುಳುಗಿದ್ದು ಅವರದು, ಬೆಳಕು ಬಂದದ್ದು ಬೆಂಗಳೂರಿಗೆ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ರಾಯಚೂರಿನ ಶಕ್ತಿನಗರದವರು ಹಾರುಬೂದಿ ಉಸಿರಾಡುತ್ತಿದ್ದಾರೆ. ಅವರು ಸುಟ್ಟ ಕಲ್ಲಿದ್ದಲಲ್ಲಿ ಓಡುವ ಲಿಫ್ಟು, ಏಸಿ ಎಲ್ಲಿವೆ ಹೇಳಿ. ಬಿಲ್ಲು ಕಟ್ಟಿದೆವು, ಮುಗಿಯಿತು ಅಂದುಕೊಳ್ಳುವ ನಗರದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಿಮ್ಮ ಮನೆಯಲ್ಲೂ ಮುಳುಗಡೆ ಕಂಡ ಹಿರಿಯರು ಇರಬಹುದು. ಹೊರೆ ಯಾರದು ಅಂತ ಅವರನ್ನೇ ಕೇಳಿ, ಬರೆದು ಕಳಿಸಿ. ಜಾಗ ಎಷ್ಟಾದರೂ ಆಗಲಿ, ಪ್ರಕಟಿಸುತ್ತೇನೆ.