ಓದುಗರ ಪ್ರಶ್ನೆ: ಲೇಬಲ್ಲಿಗೆ ದುಂಡು ತುದಿಯ ಅಕ್ಷರ ಒಪ್ಪುತ್ತದೆಯೇ?

ಪ್ರಶ್ನೆ: ಮಾನ್ಯರೆ, ಮನೆಯಲ್ಲಿ ತಯಾರಿಸುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಾಟಲಿಯಲ್ಲಿ ತುಂಬಿ ಮಾರಲು ಹೊರಟಿದ್ದೇವೆ. ಲೇಬಲ್ ಮಾಡಿಕೊಡುವವರು ಇಂಗ್ಲಿಷ್ ಹೆಸರಿಗೆ ತುದಿಗಳು ದುಂಡಗಿರುವ ದಪ್ಪ ಅಕ್ಷರ ಬಳಸಿದ್ದಾರೆ. ಕನ್ನಡದಲ್ಲಿಯೂ ಅಂಥದ್ದು ಸಿಗುತ್ತದೆಯೇ? ಲೇಬಲ್ಲಿನ ಎಲ್ಲ ಬರಹವನ್ನೂ ಅದರಲ್ಲೇ ಅಚ್ಚು ಹಾಕಿಸಬಹುದೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಸಿಗುತ್ತದೆ, ಆದರೆ ಹೆಸರಿಗೆ ಮಾತ್ರ ಬಳಸಿ, ಸಣ್ಣ ಬರಹಕ್ಕೆ ಬೇಡ.

ಇಂಗ್ಲಿಷಿನ ಇ, ಟಿ, ಎಲ್ ಮುಂತಾದ ಅಕ್ಷರಗಳು ನೇರ ಗೆರೆಗಳಿಂದಾದವು. ಆ ಗೆರೆಗಳ ಚೌಕ ತುದಿಯನ್ನು ದುಂಡಗೆ ಮಾಡಿದರೆ ಅಕ್ಷರದ ಬಿಗುವು ಸಡಿಲಿ ಇಡೀ ಮುಖಭಾವವೇ ಬದಲಾಗುತ್ತದೆ. ಫೋಕ್ಸ್‌ವ್ಯಾಗನ್ ಸಂಸ್ಥೆಗಾಗಿ 1979ರಲ್ಲಿ ಸಿದ್ಧವಾದ, ಮುಂದೆ ಆಪಲ್‌ನ ಕೀಲಿಮಣೆಗಳ ಮೇಲೆ ಬಹುಕಾಲ ಕಾಣಿಸಿಕೊಂಡ ವಿಎಜಿ ರೌಂಡೆಡ್ ಎಂಬ ಅಕ್ಷರಶೈಲಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಕನ್ನಡದ ಅಕ್ಷರಗಳಾದರೋ ಮೊದಲೇ ಬಳುಕಿನವು. ದುಂಡುಮಾಡಲು ಇಲ್ಲಿ ಉಳಿಯುವುದು ತಲೆಕಟ್ಟಿನ ಕೊನೆ, ಒತ್ತಿನ ಬಾಲ ಇಂಥ ಕೆಲವೇ ತುದಿಗಳು. ಹಾಗಾಗಿ ಅದೇ ಮೃದುತ್ವ ಕಾಣಬೇಕಾದರೆ ಗೆರೆಯನ್ನು ಒಂದೇ ಸಮನಾಗಿ ದಪ್ಪಗೊಳಿಸಬೇಕಾಗುತ್ತದೆ. ದಪ್ಪವಾದಷ್ಟೂ ಅಕ್ಷರದ ಒಳಗಿನ ಬಯಲು ಕಿರಿದಾಗುತ್ತದೆ. ದ ಮತ್ತು ಧ, ಪ ಮತ್ತು ಫ ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ. ಥ ಅಕ್ಷರಕ್ಕೆ ಒಳಗೊಂದು ಚುಕ್ಕೆಯೂ ಬೇಕು. ದೊಡ್ಡ ಅಳತೆಯಲ್ಲಿ ಇವೆಲ್ಲ ಸ್ಪಷ್ಟವಾಗಿರುತ್ತವೆ, ಆದರೆ ಬಾಟಲಿಯ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಮಸಿ ಸ್ವಲ್ಪ ಹರಡಿದರೂ ಮುಚ್ಚಿಹೋಗುತ್ತವೆ.

ಆದ್ದರಿಂದ ಪಟ್ಟಿ, ವಿಳಾಸ, ತೂಕ, ಬೆಲೆಗಳಿಗೆ ನೋಟೊ ಸ್ಯಾನ್ಸ್ ಕನ್ನಡದಂಥ ತೆಳು ಗೆರೆಯ ಶೈಲಿ ಇರಲಿ. ಪೊಟ್ಟಣಗಳ ಮೇಲಿನ ಅಂಕಿಗಳ ಕನಿಷ್ಠ ಎತ್ತರವನ್ನು 2011ರ ಪೊಟ್ಟಣ ಸರಕುಗಳ ನಿಯಮಗಳು ಗೊತ್ತುಪಡಿಸಿವೆಯಾದ್ದರಿಂದ ಅಚ್ಚಿಗೆ ಮೊದಲು ಅದನ್ನೂ ನೋಡಿಕೊಳ್ಳಿ.

ಹೆಸರಿಗೆ ಮುಂಬಯಿಯ ಏಕ್ ಟೈಪ್ ತಂಡ ರೂಪಿಸಿರುವ ‘ಬಲೂ ತಮ್ಮ 2’ ಎಂಬ ದುಂಡು ತುದಿಯ ಫಾಂಟ್ ಒಪ್ಪುತ್ತದೆ. ಮೊದಲ ಬಲೂ ತಮ್ಮದಲ್ಲಿ ಇದ್ದುದು ಒಂದೇ ದಪ್ಪ. ಈಗ ಐದು ದಪ್ಪಗಳಿವೆ, ಅವುಗಳಲ್ಲಿ ನಡುವಿನದನ್ನು ಆರಿಸಿ. ನಿಮ್ಮ ಹೆಸರಿನಲ್ಲಿಯೇ ಒಂದು ತೊಡಕಿದೆ: ‘ಅಪ್ಪೆಮಿಡಿ’ಯ ಕೆಳಗೆ ‘ಉಪ್ಪಿನಕಾಯಿ’ ಎಂದು ಎಡಬದಿಗೆ ಸರಿಹೊಂದಿಸಿ ಬರೆಸಿದರೆ, ಎರಡೂ ಪದಗಳ ಎರಡನೆಯ ಅಕ್ಷರಕ್ಕೇ ಒತ್ತು ಇರುವುದರಿಂದ ಮೇಲಿನ ಪ-ಒತ್ತು ಕೆಳಗಿನ ‘ಪ್ಪಿ’ಯ ಗುಡಿಸಿಗೆ ತಾಗುವ ಸಂಭವವಿದೆ. ಸಾಲುಗಳ ಅಂತರವನ್ನು ಹೆಚ್ಚಿಸಬೇಕೇ ಹೊರತು ಒತ್ತನ್ನು ಕುಗ್ಗಿಸಬಾರದು.

ಈ ಶೈಲಿ ತಿಂಡಿ, ಆಟಿಕೆ, ಮಕ್ಕಳ ಪುಸ್ತಕದ ಶೀರ್ಷಿಕೆಗಳಿಗೆ ಸಹಜವಾಗಿ ಹೊಂದುತ್ತದೆ. (ಶಿವಮೊಗ್ಗದ ವೃತ್ತಗಳಲ್ಲಿ ಕಟ್ಟುವ ಶ್ರದ್ಧಾಂಜಲಿಯ ಫ್ಲೆಕ್ಸಿಗೂ ಇದನ್ನೇ ಬಳಸಿದರೆ ಸತ್ತವರು ಹುಟ್ಟುಹಬ್ಬ ಆಚರಿಸುತ್ತಿರುವಂತೆ ಕಾಣುತ್ತದೆ.) ಅಂಗಡಿಯ ಫಲಕಕ್ಕೆ ವಿನೈಲ್ ಅಕ್ಷರ ಅಂಟಿಸುವುದಾದರೆ ದುಂಡು ತುದಿಯಿಂದ ಒಂದು ಅನುಕೂಲವೂ ಉಂಟು: ಮೊದಲು ಏಳುವುದು ಚೂಪು ಮೂಲೆಗಳೇ ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ಇವು ತುಸು ಹೆಚ್ಚು ಬಾಳುತ್ತವೆ.

ಇನ್ನೊಂದು ಮಾತು. ನಿಮ್ಮ ಮುದ್ರಣಾಲಯದವರು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ, ಫಾಂಟ್ ಬದಲಿಸಿದ ಕೂಡಲೇ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಅದು ಫಾಂಟಿನ ದೋಷವಲ್ಲ. ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಬಲೂ ಮುಕ್ತ ಪರವಾನಗಿಯ ಫಾಂಟ್ ಆಗಿರುವುದರಿಂದ ಮಾರಾಟದ ಸರಕಿನ ಮೇಲೆ ಬಳಸಲು ಶುಲ್ಕವಿಲ್ಲ.